ಪೋಲೋ ಜಿಟಿ ಟಿಎಸ್‌ಐ ತಗೊಳ್ಳೋದಾ, ಅಬಾರ್ತ್ ಪುಂಟೋನಾ? ಕಲಬುರಗಿಯಲ್ಲಿ ಎರಡನ್ನೂ ಓಡಿಸುವವನ ಮಾತು

ನಮ್ಮ ಮನೆ ಅಂಗಳದ ಬೇವಿನ ಮರದ ಕೆಳಗೆ ಎರಡು ಕಾರು ನಿಲ್ಲುತ್ತವೆ. ಒಂದು ನನ್ನ 2015ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ, ಇನ್ನೊಂದು ತಮ್ಮನ 2016ರ ಫಿಯಟ್ ಕಂಪನಿಯ ಅಬಾರ್ತ್ ಪುಂಟೋ. ಎರಡೂ ಸೆಕೆಂಡ್ ಹ್ಯಾಂಡ್. ನನ್ನದು 2019ರಲ್ಲಿ ಬಂತು, ಅವನದು 2021ರಲ್ಲಿ. ಕೀಲಿ ಎರಡೂ ಬಾಗಿಲ ಹಿಂದಿನ ಒಂದೇ ಮೊಳೆಗೆ ತೂಗುತ್ತವೆ, ಯಾರ ಕೈಗೆ ಯಾವುದು ಸಿಕ್ಕಿತೋ ಅದನ್ನು ತಗೊಂಡು ಹೋಗುವುದು ರೂಢಿ. ಹಾಗಾಗಿ ಎರಡನ್ನೂ ಬಿಸಿಲಲ್ಲಿ, ಮಳೆಯಲ್ಲಿ, ಸಂಜೆ ಮಾರ್ಕೆಟ್ ಗದ್ದಲದಲ್ಲಿ, ರಾತ್ರಿ ಹೈವೇಯಲ್ಲಿ ಸಾಕಷ್ಟು ಓಡಿಸಿದ್ದೇನೆ.

ಪರಿಚಯದ ಹುಡುಗರು ಆಗಾಗ ಕೇಳುತ್ತಾರೆ, "ಅಣ್ಣಾ, ಐದಾರು ಲಕ್ಷದಾಗ ಓಡಿಸ್ಲಿಕ್ಕೆ ಮಜಾ ಇರೋ ಗಾಡಿ ಯಾವ್ದು ತಗೋಬೇಕು?" ಈ ದುಡ್ಡಿಗೆ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸಿಕ್ಕರೂ ಅದನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದು ಇನ್ನೂ ಕಷ್ಟ. ಮನೆಯವರನ್ನೂ ಕೂರಿಸಿಕೊಂಡು ಹೋಗಬಹುದು, ಒಬ್ಬನೇ ಇದ್ದಾಗ ಮನಸಾರೆ ಓಡಿಸಲೂಬಹುದು ಅನ್ನುವ ಗಾಡಿ ಅಂದ್ರೆ ಸುತ್ತಿ ಬಳಸಿ ಈ ಎರಡರ ಹತ್ತಿರವೇ ಬಂದು ನಿಲ್ಲುತ್ತೇವೆ. ಎರಡೂ ಟರ್ಬೊ ಪೆಟ್ರೋಲ್, ಎರಡೂ ಪುಣೆ ಸುತ್ತಮುತ್ತ ತಯಾರಾದವು. ಪೋಲೋ ಚಾಕಣದ್ದು, ಪುಂಟೋ ರಾಂಜಣಗಾಂವದ್ದು. ಅಲ್ಲಿಗೆ ಹೋಲಿಕೆ ಮುಗಿಯಿತು. ಓಡಿಸಲು ಕೂತರೆ ಎರಡರ ಸ್ವಭಾವವೇ ಬೇರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದಿದ್ದೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಕಡೆ ಇಂಥ ಗಾಡಿ ಆರಿಸುವಾಗ ಅದರ ಒಳ್ಳೆಯ ದಿನವನ್ನು ನೋಡಬೇಡಿ, ಕೆಟ್ಟ ದಿನವನ್ನು ನೋಡಿ. ಒಳ್ಳೆಯ ದಿನ ಅಂದ್ರೆ ಜನವರಿ ಬೆಳಿಗ್ಗೆ ಖಾಲಿ ಹೈವೇ. ಅವತ್ತು ಎರಡೂ ಚೆನ್ನಾಗಿಯೇ ಇರುತ್ತವೆ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲು, ಮಧ್ಯಾಹ್ನ 2 ಗಂಟೆ, ಸೂಪರ್ ಮಾರ್ಕೆಟ್ ಹತ್ತಿರ ಮುಂದೆ ಆಟೋ ಹಿಂದೆ ಟಂಟಂ, ಎಸಿ ಫುಲ್, ಗಾಡಿ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತದೆ. ಆಗ ಅದು ಹೇಗಿರುತ್ತದೆ? ಅವತ್ತೇ ಕೆಟ್ಟು ನಿಂತರೆ ಅದನ್ನು ಬಲ್ಲ ಕೈ ಎಷ್ಟು ಕಿಲೋಮೀಟರ್ ದೂರದಲ್ಲಿದೆ? ಈ ಎರಡಕ್ಕೆ ಉತ್ತರ ಸಿಕ್ಕಿದ ಮೇಲೆ ಬಣ್ಣ, ಅಲಾಯ್, ಸದ್ದು ಎಲ್ಲ ನೋಡಿಕೊಳ್ಳಬಹುದು.

ಯಾವುದರ ಒಳಗೆ ಏನಿದೆ

ಪೋಲೋ ಜಿಟಿ ಟಿಎಸ್‌ಐ ಇಲ್ಲಿ ಬಂದಿದ್ದು 2013ರಲ್ಲಿ. 1.2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ, ಡೈರೆಕ್ಟ್ ಇಂಜೆಕ್ಷನ್. 105 ಪಿಎಸ್ ಪವರ್, 175 ಎನ್‌ಎಂ ಟಾರ್ಕ್. ಆ ಟಾರ್ಕ್, ಅಂದ್ರೆ ಎಳೆಯುವ ಬಲ, 1500 ಆರ್‌ಪಿಎಂಗೇ ಬಂದುಬಿಡುತ್ತದೆ, ಅದೇ ಇದರ ಸುಖ. ಜೊತೆಗೆ 7 ಸ್ಪೀಡ್ ಡಿಎಸ್‌ಜಿ ಆಟೋಮ್ಯಾಟಿಕ್. ಸೊನ್ನೆಯಿಂದ 100ಕ್ಕೆ 9.7 ಸೆಕೆಂಡ್ ಅಂತ ಕಂಪನಿ ಲೆಕ್ಕ. ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ, ಏರಿನಲ್ಲಿ ಹಿಂದಕ್ಕೆ ಉರುಳದಂತೆ ತಡೆಯುವ ಹಿಲ್ ಹೋಲ್ಡ್ ಇವೆ. ಹಿಂದೆ ಮಾತ್ರ ಡ್ರಮ್ ಬ್ರೇಕ್.

ಅಬಾರ್ತ್ ಪುಂಟೋ 2015ರ ಅಕ್ಟೋಬರ್‌ನಲ್ಲಿ ಬಂತು. ಆಗ ದೆಹಲಿ ಎಕ್ಸ್ ಶೋರೂಂ ಬೆಲೆ 9.95 ಲಕ್ಷ. 1.4 ಲೀಟರ್ ಟಿ-ಜೆಟ್ ಇಂಜಿನ್, 145 ಬಿಎಚ್‌ಪಿ, 212 ಎನ್‌ಎಂ. 5 ಸ್ಪೀಡ್ ಮ್ಯಾನುಯಲ್ ಒಂದೇ, ಆಟೋಮ್ಯಾಟಿಕ್ ಇಲ್ಲ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಕಂಪನಿ ಹೇಳಿದ ಸಮಯ 8.8 ಸೆಕೆಂಡ್. ಸ್ಟೀರಿಂಗ್ ಹೈಡ್ರಾಲಿಕ್, ಅಂದ್ರೆ ಎಣ್ಣೆಯ ಒತ್ತಡದ ನೆರವಿನಿಂದ ತಿರುಗುವುದು, ಈಗಿನ ಕಾರುಗಳಲ್ಲಿ ಅದು ಹೆಚ್ಚುಕಡಿಮೆ ಮಾಯವೇ ಆಗಿದೆ.

ಕಾಗದದ ಮೇಲೆ ಒಂದು ಸೆಕೆಂಡಿನ ವ್ಯತ್ಯಾಸ. ರಸ್ತೆಯಲ್ಲಿ ಅದಕ್ಕಿಂತ ಜಾಸ್ತಿ ಅನ್ನಿಸುತ್ತದೆ. ಜೇವರ್ಗಿ ರಸ್ತೆಯಲ್ಲಿ ಲಾರಿ ಹಿಂದೆ 60ರಲ್ಲಿ ಇದ್ದೀರಿ ಅಂದುಕೊಳ್ಳಿ. ಪೋಲೋದಲ್ಲಿ ಕಾಲು ಒತ್ತಿದರೆ ಸಾಕು, ಗೇರ್ ತಾನೇ ಎರಡು ಇಳಿದು ಸದ್ದಿಲ್ಲದೆ ಮುಂದೆ ಹೋಗುತ್ತದೆ, ಪಕ್ಕದಲ್ಲಿ ಕೂತ ಅಮ್ಮನಿಗೆ ಗೊತ್ತೂ ಆಗುವುದಿಲ್ಲ. ಅಬಾರ್ತ್‌ನಲ್ಲಿ ಮೂರನೇ ಗೇರ್‌ಗೆ ನೀವೇ ಇಳಿಸಬೇಕು, 2000 ಆರ್‌ಪಿಎಂ ದಾಟುವವರೆಗೆ ಸುಮ್ನೆ ಇರುತ್ತದೆ, ಆಮೇಲೆ ಬೆನ್ನು ಸೀಟಿಗೆ ಅಂಟುತ್ತದೆ. ಸ್ಟೀರಿಂಗ್ ಕೈಯಲ್ಲಿ ಭಾರವಾಗಿ, ಜೀವಂತವಾಗಿ ಇರುತ್ತದೆ. ಮುಂದಿನ ಚಕ್ರ ಡಾಂಬರಿನ ಮೇಲಿದೆಯೋ, ಅಂಚಿನ ಗರಸಿನ ಮೇಲೆ ಇಳಿಯಿತೋ ಅನ್ನುವುದು ಅಂಗೈಗೇ ತಿಳಿಯುತ್ತದೆ. ಚಿಂಚೋಳಿ ಕಡೆ ಕಾಡಿನ ತಿರುವುಗಳಲ್ಲಿ ಎರಡನ್ನೂ ಹಿಂದೆಮುಂದೆ ಓಡಿಸಿ ನೋಡಿದ್ದೇವೆ. ಓಡಿಸುವ ಖುಷಿ ಒಂದನ್ನೇ ಕೇಳಿದರೆ ನನ್ನ ಓಟು ತಮ್ಮನ ಗಾಡಿಗೆ. ಎರಡನೇ ಮಾತಿಲ್ಲ.

ಮೈಲೇಜ್ ನಮ್ಮ ಲೆಕ್ಕದಲ್ಲಿ ಹೀಗಿದೆ: ಊರೊಳಗೆ ಪೋಲೋ 10 ಹತ್ತಿರ, ಅಬಾರ್ತ್ 8ರಿಂದ 9. ಹೈವೇಯಲ್ಲಿ ಸಮಾಧಾನವಾಗಿ ಹೋದರೆ ಪೋಲೋ 16 ಕೊಡುತ್ತದೆ, ಅಬಾರ್ತ್ 13. ಇದನ್ನು ನೋಡಿ ಬೇಜಾರಾಗುವವರು ಇಂಥ ಗಾಡಿಗೆ ಕೈ ಹಾಕದಿರುವುದು ಒಳ್ಳೆಯದು.

ಬಿಸಿಲು

ಪೋಲೋದ ಡಿಎಸ್‌ಜಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಇದನ್ನು ತಿಳಿಯದೇ ತಗೊಂಡು ಬೈದುಕೊಳ್ಳುವವರು ಜಾಸ್ತಿ.

ಈ ಗೇರ್‌ಬಾಕ್ಸ್ ಒಳಗೆ ಎರಡು ಕ್ಲಚ್ ಇವೆ. ಒಂದು 1, 3, 5, 7ನೇ ಗೇರ್‌ಗೆ, ಇನ್ನೊಂದು 2, 4, 6ಕ್ಕೆ. ಒಂದು ಹಿಡಿದಿರುವಾಗಲೇ ಇನ್ನೊಂದು ಮುಂದಿನ ಗೇರ್ ಹಾಕಿಕೊಂಡು ಕಾಯುತ್ತಿರುತ್ತದೆ, ಅದಕ್ಕೇ ಕಣ್ಣು ಮಿಟುಕಿಸುವಷ್ಟರಲ್ಲಿ ಗೇರ್ ಬದಲಾಗುವುದು. ಆದರೆ ಇವು ಒಣ ಕ್ಲಚ್. ಎಣ್ಣೆಯಲ್ಲಿ ಮುಳುಗಿಲ್ಲ, ತಣ್ಣಗಾಗುವುದು ಗಾಳಿಯಿಂದ ಮಾತ್ರ. ಹೆಜ್ಜೆ ಹೆಜ್ಜೆ ಸಾಗುವ ಟ್ರಾಫಿಕ್‌ನಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜುತ್ತಲೇ ಇರುತ್ತದೆ. ನಮ್ಮ ಬಿಸಿಲಿಗೆ ಗಾಳಿಯೇ ಕಾದಿರುತ್ತದೆ, ತಣ್ಣಗಾಗುವುದೆಲ್ಲಿಂದ? ಇದರ ಜೊತೆ ಮೆಕಾಟ್ರಾನಿಕ್ ಅನ್ನುವ ಭಾಗ ಇದೆ, ಅದೇ ಗೇರ್‌ಬಾಕ್ಸಿನ ಮೆದುಳು. ಕಂಪ್ಯೂಟರು, ಎಣ್ಣೆಯ ಒತ್ತಡ ಎರಡೂ ಅದರಲ್ಲೇ. ಅದು ಹೋದರೆ ಲಕ್ಷದ ಮಾತು.

ಇದನ್ನು ಕೇಳಿ ಹೆದರಬೇಕಿಲ್ಲ. ಓಡಿಸುವ ರೀತಿ ಸ್ವಲ್ಪ ಬದಲಿಸಿದರೆ ಗೇರ್‌ಬಾಕ್ಸ್ ಬಾಳುತ್ತದೆ. ಮುಂದಿನ ಗಾಡಿ ಎರಡು ಅಡಿ ಸರಿಯಿತು ಅಂತ ನೀವೂ ಎರಡು ಅಡಿ ಸರಿಯಬೇಡಿ. ಒಂದು ಗಾಡಿಯಷ್ಟು ಜಾಗ ಆಗಲಿ, ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು ಹೋಗಿ, ಮತ್ತೆ ಪೂರ್ತಿ ನಿಲ್ಲಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ ಬಿಡಿ. ರೈಲ್ವೆ ಗೇಟ್ ಹಾಕಿದಾಗ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಳ್ಳುವುದು ದೊಡ್ಡ ತಪ್ಪು, ಐದೇ ನಿಮಿಷದಲ್ಲಿ ಕ್ಲಚ್ ವಾಸನೆ ಬರುತ್ತದೆ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಗುಡಿ ಕಡೆ ನಾನು ಈ ಗಾಡಿ ತಗೊಂಡು ಹೋಗುವುದೇ ಇಲ್ಲ. ಬೈಕೇ ಸಾಕು.

ಅಬಾರ್ತ್‌ಗೆ ಈ ಚಿಂತೆ ಇಲ್ಲ. ಮಾಮೂಲಿ ಕ್ಲಚ್, ಸವೆದರೆ ಯಾವ ಒಳ್ಳೆಯ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಹಾಕುತ್ತಾನೆ. ಆದರೆ ಕ್ಲಚ್ ಪೆಡಲ್ ಗಟ್ಟಿ. ಜಗತ್ ಸರ್ಕಲ್‌ನಿಂದ ಬಸ್ ಸ್ಟ್ಯಾಂಡ್‌ವರೆಗೆ ಸಂಜೆ ಹೊತ್ತು ಒಮ್ಮೆ ಹೋದರೆ ಎಡಗಾಲಿನ ಮೊಣಕಾಲು ನೆನಪಿಸುತ್ತದೆ. ಇದರಲ್ಲಿ ನೋಡಬೇಕಾದದ್ದು ರೇಡಿಯೇಟರ್ ಫ್ಯಾನ್. ಎಸಿ ಹಾಕಿ 20 ನಿಮಿಷ ನಿಂತಲ್ಲೇ ನಿಲ್ಲಿಸಿ, ಫ್ಯಾನ್ ಜೋರಾಗಿ ತಿರುಗುವುದು ಕಿವಿಗೆ ಕೇಳಬೇಕು, ಬಿಸಿಯ ಮುಳ್ಳು ನಡು ದಾಟಬಾರದು. ಕೊಳ್ಳುವ ಮೊದಲು ಈ ಪರೀಕ್ಷೆಯನ್ನು ಮಧ್ಯಾಹ್ನವೇ ಮಾಡಿ. ಎರಡೂ ಗಾಡಿಗೆ ಮಾಡಿ.

ಇನ್ನು ಟರ್ಬೊ. ಹೈವೇಯಲ್ಲಿ ಜೋರಾಗಿ ಬಂದು ಧಾಬಾ ಮುಂದೆ ಗಕ್ಕನೆ ಆಫ್ ಮಾಡಬಾರದು. ಕೊನೆಯ ಎರಡು ಕಿಲೋಮೀಟರ್ ನಿಧಾನಕ್ಕೆ ಬನ್ನಿ, ಇಲ್ಲವೇ ಒಂದು ನಿಮಿಷ ಸುಮ್ನೆ ಓಡಲು ಬಿಟ್ಟು ಆಫ್ ಮಾಡಿ. ಎಣ್ಣೆ ಹರಿದು ಟರ್ಬೊ ತಣಿಯಬೇಕು. ತೊಗರಿ ರಾಶಿಯ ಕಾಲದಲ್ಲಿ ಹಳ್ಳಿ ರಸ್ತೆಗಳ ಮೇಲೆ ಕಟ್ಟಿಗೆ ಸಮೇತ ತೊಗರಿ ಹರಡಿರುತ್ತಾರಲ್ವಾ, ಅದರ ಮೇಲೆ ಇಂಥ ತಗ್ಗಿನ ಗಾಡಿ ಹತ್ತಿಸಲೇಬೇಡಿ. ಒಣ ಕಡ್ಡಿ ಕೆಳಗೆ ಸಿಕ್ಕಿಕೊಂಡು ಕಾದ ಸೈಲೆನ್ಸರ್‌ಗೆ ತಾಗಿದರೆ ಬೆಂಕಿ ಹತ್ತುತ್ತದೆ. ಸುತ್ತಿ ಹೋಗುವ ದಾರಿ ಇದ್ದರೆ ಸುತ್ತಿಯೇ ಹೋಗಿ.

ರಸ್ತೆ

ನಮ್ಮದು ಎರೆಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲೆ ಹಾಕಿದ ಡಾಂಬರು ಅದರ ಜೊತೆಗೇ ಅಲೆಯಾಗುತ್ತದೆ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಲಾರಿಗಳ ಭಾರಕ್ಕೆ ಚಕ್ರದ ಜಾಡೇ ಬಿದ್ದಿರುತ್ತದೆ. ಪೋಲೋದ ತಳಕ್ಕೂ ನೆಲಕ್ಕೂ ನಡುವಿನ ಅಂತರ 165 ಮಿಲಿಮೀಟರ್, ಅಬಾರ್ತ್‌ದು 155. ಹತ್ತು ಮಿಲಿಮೀಟರ್ ಅಂದ್ರೆ ಕಿರುಬೆರಳಿನ ಅಗಲ ಅಷ್ಟೇ, ಆದರೆ ನಮ್ಮ ಓಣಿಯ ಹಂಪ್ ಆ ಕಿರುಬೆರಳನ್ನೇ ಕೇಳುತ್ತದೆ. ನಾಲ್ಕು ಜನ ಕೂತರೆ ಅಬಾರ್ತ್ ಅನ್ನು ಅಡ್ಡ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ದಾಟಿಸಬೇಕು. ಪೋಲೋ ನೇರವಾಗಿಯೇ ನಿಧಾನಕ್ಕೆ ದಾಟುತ್ತದೆ.

ಅಬಾರ್ತ್‌ನ ಸಸ್ಪೆನ್ಶನ್ ಬಿಗಿ. 40ರ ವೇಗದಲ್ಲಿ ಪ್ರತಿ ಗುಂಡಿಯೂ ಸೊಂಟಕ್ಕೆ ಲೆಕ್ಕ ಒಪ್ಪಿಸುತ್ತದೆ. 90ರಲ್ಲಿ ಅದೇ ಬಿಗಿ ನಿಮ್ಮ ಕಡೆಗಿರುತ್ತದೆ, ಅಲೆಗಳ ಮೇಲೆ ತೇಲದೆ ನೆಲ ಕಚ್ಚಿಕೊಂಡು ಹೋಗುತ್ತದೆ. ಪೋಲೋ ಅತಿ ಬಿಗಿಯೂ ಅಲ್ಲ, ಅತಿ ಮೆತ್ತಗೂ ಅಲ್ಲ. ಮನೆಯವರ ಮೆಚ್ಚುಗೆ ಪೋಲೋಗೇ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಆಳಂದ ರಸ್ತೆಯಲ್ಲಿ ರಾತ್ರಿ ಬರುತ್ತಿದ್ದೆ. ನೀರು ತುಂಬಿದ ಗುಂಡಿ, ಆಳ ತಿಳಿಯಲಿಲ್ಲ. ಠಕ್ ಅಂತ ಸದ್ದಾಯಿತು, ಗಾಡಿ ಏನೂ ಆಗದಂತೆ ಮನೆಗೆ ಬಂತು. ಬೆಳಿಗ್ಗೆ ನೋಡಿದರೆ ಅಬಾರ್ತ್‌ನ ಮುಂದಿನ ಎಡ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಒಳಗಿನ ದಾರಗಳು ಹರಿದಿವೆ ಅಂತ ಅದರ ಅರ್ಥ, ಅದಕ್ಕೆ ಪಂಕ್ಚರ್ ಹಾಕಲಾಗದು, ಟೈರೇ ಬದಲಿಸಬೇಕು. ಸಮಾಧಾನ ಏನಂದ್ರೆ ಅಬಾರ್ತ್‌ನ 195/55 ಆರ್16 ಅಳತೆ ಬಲೆನೋ, ಐ20ರ ಮೇಲಿನ ಮಾಡೆಲ್‌ಗಳದ್ದೇ, ಕಲಬುರಗಿಯಲ್ಲೇ ಸಿಗುತ್ತದೆ. ನನ್ನ ಪೋಲೋದ 185/60 ಆರ್15 ಅಂತೂ ಯಾವ ಅಂಗಡಿಯಲ್ಲೂ ಇದೆ. ಗಾಡಿ ನೋಡಲು ಹೋದಾಗ ನಾಲ್ಕೂ ಟೈರಿನ ಒಳಪಕ್ಕಕ್ಕೆ ಕೈ ಹಾಕಿ ಸವರಿ ನೋಡಿ. ಹೊರಪಕ್ಕವನ್ನು ಎಲ್ಲರೂ ತೊಳೆದು ಪಾಲಿಶ್ ಮಾಡಿರುತ್ತಾರೆ. ಉಬ್ಬು ಕೈಗೇ ಸಿಗುತ್ತದೆ.

ಗಾಡಿ ನೋಡುವ ಕ್ರಮ

ಬೆಳಿಗ್ಗೆ 6 ಗಂಟೆಗೆ ಹೋಗಿ. "ಬಂದು ಮುಟ್ಟೋ ತನಕ ಚಾಲು ಮಾಡಬ್ಯಾಡ್ರಿ" ಅಂತ ಮೊದಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಬೆಚ್ಚಗಿದ್ದರೆ ಅವರು ಆಗಲೇ ಚಾಲು ಮಾಡಿ ಬಿಸಿ ಮಾಡಿಟ್ಟಿದ್ದಾರೆ, ಏನೋ ಮುಚ್ಚಿಡುತ್ತಿದ್ದಾರೆ. ಮಧ್ಯಾಹ್ನ ಹೋದರೆ ನಮ್ಮ ಊರಲ್ಲಿ ಎಲ್ಲ ಬಾನೆಟ್ಟೂ ಬಿಸಿಯೇ, ಈ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ.

ನೀವು ಬಾನೆಟ್ ತೆಗೆದು ಪಕ್ಕ ನಿಲ್ಲಿ, ಚಾಲು ಮಾಡುವುದು ಬೇರೆಯವರಿರಲಿ. ಮೊದಲ ಮೂರು ಸೆಕೆಂಡ್ ಕಿವಿಗೊಟ್ಟು ಕೇಳಿ. ಡಬ್ಬಿಯಲ್ಲಿ ನಾಣ್ಯ ಅಲುಗಿಸಿದಂಥ ಕರಕರ ಸದ್ದು ಬಂದು ನಿಂತರೆ ಆ ಪೋಲೋ ಬಿಟ್ಟುಬಿಡಿ. ಇಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಚೈನ್ ಇರುವ ಟಿಎಸ್‌ಐ ಇಂಜಿನ್‌ಗಳಲ್ಲಿ ಚೈನ್ ಸಡಿಲಾದ ಗುರುತು ಅದು. ಅಬಾರ್ತ್‌ನಲ್ಲಿ ಅದೇ ಕೆಲಸಕ್ಕೆ ಇರುವುದು ಬೆಲ್ಟ್. ಅದು ಸದ್ದು ಮಾಡಿ ಎಚ್ಚರಿಸುವುದಿಲ್ಲ, ನೇರವಾಗಿ ಹರಿಯುತ್ತದೆ, ಹರಿದರೆ ಇಂಜಿನ್ ಒಳಗೇ ದೊಡ್ಡ ಕೆಲಸ. ಬದಲಿಸಿದ ಬಿಲ್ ಇದ್ದರೆ ಸರಿ. "ಹಾಕ್ಸೀನ್ರಿ, ಬಿಲ್ ಎಲ್ಲೋ ಅದ" ಅಂದರೆ ಬೆಲ್ಟ್ ಹಾಕಿಸಿಲ್ಲ ಅಂತಲೇ ತಿಳಿದು ಅದರ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ.

ಪೋಲೋದ ಗೇರ್‌ಬಾಕ್ಸ್ ನೋಡಲು ಖಾಲಿ ರಸ್ತೆ ಸಾಲದು. ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ, ನಡೆಯುವ ವೇಗದಲ್ಲಿ 1, 2ನೇ ಗೇರಿನ ನಡುವೆ ಐದಾರು ಸಲ ಬಿಟ್ಟು ಹಿಡಿದು ಮಾಡಿ. ಗಾಡಿ ಗಡಗಡ ನಡುಗಿದರೆ ಕ್ಲಚ್ ಸವೆದಿದೆ. ಬ್ರೇಕ್ ಮೇಲೆ ಕಾಲಿಟ್ಟು ಡಿ ಯಿಂದ ಆರ್‌ಗೆ, ಆರ್ ಯಿಂದ ಡಿ ಗೆ ಹಾಕಿ. ಹಾಕಿದ್ದಕ್ಕೂ ಹಿಡಿದುಕೊಂಡಿದ್ದಕ್ಕೂ ನಡುವೆ ತಡವಾಗಬಾರದು. ಮೀಟರಿನಲ್ಲಿ ಗೇರಿನ ಅಕ್ಷರ ಒಮ್ಮೆಯಾದರೂ ಮಿಣಮಿಣ ಮಿನುಗಿದರೆ ಕೈ ಮುಗಿದು ವಾಪಸ್ ಬನ್ನಿ. ರೀಮ್ಯಾಪ್, ಅಂದ್ರೆ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಏರಿಸುವುದು, ಮಾಡಿಸಿದ್ದಾರಾ ಅಂತ ಮುಖ ನೋಡಿ ಕೇಳಿ. ಈ ಗೇರ್‌ಬಾಕ್ಸ್ ತಡೆಯುವುದು 250 ಎನ್‌ಎಂ ಟಾರ್ಕ್ ವರೆಗೆ. ಹೆಚ್ಚು ಪವರ್‌ಗೆ ಆಸೆಪಟ್ಟು ಟ್ಯೂನ್ ಮಾಡಿಸಿ ಎರಡು ವರ್ಷ ಎಳೆದಾಡಿದ ಗಾಡಿಯನ್ನು ನಾನಂತೂ ಮುಟ್ಟುವುದಿಲ್ಲ.

ಅಬಾರ್ತ್‌ನಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಸಣ್ಣ ಸದ್ದು ಸಹಜ, ಗೂಳಿಯಂತೆ ಕೂಗಿದರೆ ಪಂಪ್ ಅಥವಾ ಎಣ್ಣೆ ಸೋರಿಕೆ ನೋಡಿಸಿ. ಮುರುಕು ರಸ್ತೆಯಲ್ಲಿ ಕಿಟಕಿ ಇಳಿಸಿ, ಹಾಡು ಆಫ್ ಮಾಡಿ, 20ರಲ್ಲಿ ಓಡಿಸಿ. ಮುಂದಿನಿಂದ ಕಟ್ ಕಟ್ ಬಂದರೆ ಮುಂದಿನ ಸಸ್ಪೆನ್ಶನ್‌ನ ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್ ಕೆಲಸ. ಇದು ಬೇಡ ಅನ್ನುವಷ್ಟು ದೊಡ್ಡದಲ್ಲ, ಚೌಕಾಶಿಗೆ ಸಾಕು.

ಕಿಲೋಮೀಟರ್ ಬಗ್ಗೆ ಒಂದು ಅನುಭವ. ತಮ್ಮ ಅಬಾರ್ತ್ ಹುಡುಕುವಾಗ ಬೇರೆ ಊರಿನ ಒಬ್ಬ ಮಾರಾಟಗಾರ 38,000 ಓಡಿದೆ ಅಂತ ತೋರಿಸಿದ. ಗಾಡಿ ಮಿರಮಿರ ಮಿಂಚುತ್ತಿತ್ತು, ತಮ್ಮ ಅಡ್ವಾನ್ಸ್ ಕೊಡಲು ಪರ್ಸ್‌ಗೇ ಕೈ ಹಾಕಿದ್ದ. ನಾನು ಬಗ್ಗಿ ಕ್ಲಚ್ ಪೆಡಲ್ ನೋಡಿದೆ. ರಬ್ಬರಿನ ಗೆರೆಗಳು ಒಂದು ಪಕ್ಕ ಪೂರ್ತಿ ಅಳಿಸಿ ಅಂಗಡಿಯ ಹೊಸಿಲಿನಂತೆ ನುಣ್ಣಗಾಗಿತ್ತು. ಡ್ರೈವರ್ ಸೀಟಿನ ಬಲ ಅಂಚು ಕುಸಿದಿತ್ತು. ಟೈರಿನ ಮೇಲಿನ ನಾಲ್ಕು ಅಂಕಿ ನೋಡಿದರೆ ಮೂರು ಟೈರ್ 2019ರವು, ಒಂದು 2020ರದ್ದು. 2016ರ ಗಾಡಿ, 38,000ಕ್ಕೇ ನಾಲ್ಕೂ ಟೈರ್ ಬದಲಾಗಿವೆ ಅಂದ್ರೆ ಏನರ್ಥ? ಸರ್ವೀಸ್ ದಾಖಲೆ ತೆಗೆಸಿದರೆ ಒಂದು ವರ್ಷ ಹಿಂದೆಯೇ 71,000 ಆಗಿತ್ತು. ಟೈರಿನ ಅಂಕಿ ಓದುವುದು ಸುಲಭ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದ್ರೆ 2019ರ 23ನೇ ವಾರ. ತಮ್ಮನಿಗೆ ಆಮೇಲೆ ಸಿಕ್ಕ ಗಾಡಿ 62,000 ಓಡಿತ್ತು, ಒಂದೊಂದು ಬಿಲ್ಲೂ ಫೈಲಿನಲ್ಲಿತ್ತು. ನನಗೆ ಕೇಳಿದರೆ ಬಿಲ್ ಇರುವ 62,000ವೇ ಬಿಲ್ ಇಲ್ಲದ 38,000ಕ್ಕಿಂತ ಕಡಿಮೆ ಓಡಿದ ಗಾಡಿ.

ಮೆಕ್ಯಾನಿಕ್ ಎಷ್ಟು ದೂರ

ಫಿಯಟ್ 2020ರ ಬಿಎಸ್6 ಹೊಗೆ ನಿಯಮ ಬರುವ ಹೊತ್ತಿಗೆ ನಮ್ಮಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಪೋಲೋ ಕೂಡ 2022ರಲ್ಲಿ ನಿಂತಿತು, ಆದರೆ ಅದರ ಕಂಪನಿ ಇಲ್ಲೇ ಇದೆ, ವೆಂಟೋ, ರ‍್ಯಾಪಿಡ್ ಗಾಡಿಗಳಿಗೂ ಹಾಕುವ ಎಷ್ಟೋ ಪಾರ್ಟ್ ಒಂದೇ. ಅಬಾರ್ತ್‌ಗೆ ಡೋರು, ಗ್ಲಾಸು, ಒಳಗಿನ ಸಣ್ಣಪುಟ್ಟದ್ದು ಮಾಮೂಲಿ ಪುಂಟೋದ್ದು ಆಗುತ್ತದೆ, ಇಂಜಿನ್ ಕಡೆಗೆ ಲೀನಿಯಾ ಟಿ-ಜೆಟ್ ನೆಂಟ. ಹಳೇ ಪಾರ್ಟ್ ಅಂಗಡಿಗಳಲ್ಲಿ ಆ ಎರಡು ಹೆಸರು ಹೇಳಿ ಕೇಳಿದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ನಾವು ಸಣ್ಣ ಕೆಲಸ ಎಲ್ಲ ಕಪನೂರ ಕಡೆಯ ಗ್ಯಾರೇಜ್‌ನಲ್ಲೇ ಮಾಡಿಸುತ್ತೇವೆ. ಎಣ್ಣೆ, ಬ್ರೇಕ್ ಪ್ಯಾಡ್, ಬುಶ್, ಬ್ಯಾಟರಿ ಇದಕ್ಕೆಲ್ಲ ದೂರ ಹೋಗಬೇಕಿಲ್ಲ. ಡಿಎಸ್‌ಜಿ ತೆರೆಯುವ ಕೆಲಸ ಅಥವಾ ಟಿ-ಜೆಟ್‌ನ ಬೆಲ್ಟ್ ಅಂದರೆ ಹೈದರಾಬಾದ್. ಸುಮಾರು 220 ಕಿಲೋಮೀಟರ್, ಹುಮ್ನಾಬಾದ್‌ವರೆಗೆ ಹೋಗಿ ಪುಣೆ ಹೈದರಾಬಾದ್ ಹೆದ್ದಾರಿ ಹಿಡಿದರೆ ರಸ್ತೆ ಚೆನ್ನಾಗಿದೆ. ಬೀದರ್‌ನವರಿಗೆ ಅದು ಇನ್ನೂ ಹತ್ತಿರ, ಈ ವಿಷಯದಲ್ಲಿ ನಮಗಿಂತ ಅದೃಷ್ಟವಂತರು. ಸೋಲಾಪುರ ನಮಗೆ 110ರ ಆಸುಪಾಸು. ಗಾಡಿ ತಗೊಳ್ಳುವ ಮೊದಲೇ ಒಮ್ಮೆ ಹೋಗಿ ಆ ಮೆಕ್ಯಾನಿಕ್‌ನನ್ನು ಮಾತಾಡಿಸಿ ಬನ್ನಿ. ಅವನಿಗೆ ನಿಮ್ಮ ಗಾಡಿಯನ್ನೇ ತೋರಿಸಿ ತಗೊಂಡರೆ ಇನ್ನೂ ಒಳ್ಳೆಯದು. ಇನ್ಶೂರೆನ್ಸ್ ಮಾಡಿಸುವಾಗ ರೋಡ್‌ಸೈಡ್ ಅಸಿಸ್ಟೆನ್ಸ್‌ನಲ್ಲಿ ಟೋ ಮಾಡುವ ದೂರಕ್ಕೆ ಎಷ್ಟು ಮಿತಿ ಇದೆ ಅಂತ ಓದಿ. 50 ಕಿಲೋಮೀಟರ್‌ಗೆ ನಿಂತುಬಿಟ್ಟರೆ ನಮಗೆ ಅದು ಉಪಯೋಗಕ್ಕೆ ಬಾರದು.

ಕಾಗದಪತ್ರ

ಇವೆರಡೂ ಕೆಎ-32ರಲ್ಲಿ, ಅಂದ್ರೆ ಕಲಬುರಗಿ ನಂಬರಿನಲ್ಲಿ, ಸಿಗುವುದು ಅಪರೂಪ. ಸಿಗುವುದು ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿ. ಕರ್ನಾಟಕದ್ದೇ ಸಿಕ್ಕರೆ ಹತ್ತು ಸಾವಿರ ಜಾಸ್ತಿ ಕೊಟ್ಟಾದರೂ ಅದನ್ನೇ ತಗೊಳ್ಳಿ. ಹೊರ ರಾಜ್ಯದ್ದಾದರೆ ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಫಾರ್ಮ್ 28. ಹೆಸರು ಬದಲಾವಣೆಗೆ ಫಾರ್ಮ್ 29, 30. ಸಾಲ ಇದ್ದಿದ್ದರೆ ಬ್ಯಾಂಕಿನಿಂದ ಫಾರ್ಮ್ 35. ಇಲ್ಲಿ ಬಂದ ಮೇಲೆ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು. ಅದು ಎಷ್ಟಾಗುತ್ತದೆ ಅಂತ ಮೊದಲೇ ಆರ್‌ಟಿಓದಲ್ಲಿ ಕೇಳಿ ಗಾಡಿಯ ಬೆಲೆಗೆ ಕೂಡಿಸಿಕೊಳ್ಳಿ, ಆಗಲೇ ನಿಜವಾದ ಬೆಲೆ ಗೊತ್ತಾಗುವುದು. ಒಂದು ರಾಜ್ಯದ ಗಾಡಿಯನ್ನು ಇನ್ನೊಂದರಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಹೊಸ ನಂಬರ್ ಆಗಲೇಬೇಕು ಅಂತ ಕಾನೂನು. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ.

ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ರಿಜಿಸ್ಟ್ರೇಶನ್ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2013ರ ಪೋಲೋಗೆ ಆ ದಿನ 2028ರಲ್ಲೇ ಬರುತ್ತದೆ. ಅಷ್ಟು ಹಳೆಯದಕ್ಕೆ ಬೆಲೆ ಕಡಿಮೆ ಇರುವುದು ಸುಮ್ನೆ ಅಲ್ಲ.

ಹಾಗಾದರೆ ಯಾವುದು

ಮನೆಗೆ ಒಂದೇ ಕಾರು, ದಿನಾ ಆಫೀಸಿಗೂ ಅದೇ, ಮದುವೆಗೂ ಅದೇ ಅಂದರೆ ಪೋಲೋ. ಅದರಲ್ಲೂ ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ 2020ರ ನಂತರದ 1.0 ಟಿಎಸ್‌ಐ ಮ್ಯಾನುಯಲ್ ಹುಡುಕಿ. ಮೂರು ಸಿಲಿಂಡರ್, 110 ಪಿಎಸ್, ಟಾರ್ಕ್ ಅದೇ 175, 6 ಸ್ಪೀಡ್. ಒಣ ಕ್ಲಚ್ಚಿನ ಚಿಂತೆಯೇ ಇಲ್ಲ. ಇವತ್ತು ಮತ್ತೆ ತಗೊಳ್ಳುವುದಾದರೆ ಕಲಬುರಗಿಗೆ ನಾನು ಅದನ್ನೇ ತಗೊಳ್ಳುತ್ತೇನೆ. ಆಟೋಮ್ಯಾಟಿಕ್ಕೇ ಬೇಕಾದರೂ ಆ ಕಾಲದ್ದರಲ್ಲಿ ಡಿಎಸ್‌ಜಿ ಬದಲು ಒಣ ಕ್ಲಚ್ಚಿಲ್ಲದೆ ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಮಾಮೂಲಿ ಟಾರ್ಕ್ ಕನ್ವರ್ಟರ್ ಇದೆ, ನಮ್ಮ ಬಿಸಿಲಿಗೆ ಅದು ಎಷ್ಟೋ ವಾಸಿ.

ಮನೆಯಲ್ಲಿ ಇನ್ನೊಂದು ಗಾಡಿ ಇದೆ, ವಾರಕ್ಕೆ ಎರಡು ಸಲ ಓಡಿಸುತ್ತೀರಿ, ಪಾರ್ಟ್‌ಗೆ ಹತ್ತು ದಿನ ಕಾಯುವ ತಾಳ್ಮೆ ಇದೆ ಅಂದರೆ ಅಬಾರ್ತ್ ತಗೊಳ್ಳಿ, ಹಿಂದೆಮುಂದೆ ನೋಡಬೇಡಿ. ಅಂಥ ಸ್ಟೀರಿಂಗ್ ಈ ಬೆಲೆಗೆ ಬೇರೆ ಯಾವುದರಲ್ಲೂ ಸಿಗುವುದಿಲ್ಲ.

ಯಾವುದೇ ತಂದರೂ ಮೊದಲ ವಾರವೇ ಎಲ್ಲ ಎಣ್ಣೆ ಬದಲಿಸಿ. ಇಂಜಿನ್‌ಗೆ ಕಂಪನಿ ಹೇಳಿದ ದರ್ಜೆಯ ಫುಲ್ ಸಿಂಥೆಟಿಕ್, ಬ್ರೇಕ್ ಆಯಿಲ್ ಹೊಸದು, ಪ್ಲಗ್ ಹೊಸದು. ಇಂಜಿನ್ ತಣಿಸುವ ಕೂಲಂಟ್‌ಗೆ ಬೋರ್ ನೀರು ಬೆರೆಸಲು ಯಾರಿಗೂ ಬಿಡಬೇಡಿ. ನಮ್ಮ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ಕಾಯಿಲ್ ನೋಡಿದರೆ ಗೊತ್ತಾಗುತ್ತದೆ, ರೇಡಿಯೇಟರ್ ಒಳಗೂ ಅದೇ ಪೊರೆ ಕಟ್ಟುತ್ತದೆ. ಈ ಎರಡೂ ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬರುವ ಮೊದಲಿನ ಗಾಡಿಗಳು. ಎಥನಾಲ್ ನೀರಿನಂಶ ಹೀರಿಕೊಳ್ಳುತ್ತದೆ, ಹಳೆಯ ರಬ್ಬರಿಗೂ ಒಳ್ಳೆಯದಲ್ಲ. ಅದಕ್ಕೆ ಅರ್ಧ ಟ್ಯಾಂಕ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಸರ್ವೀಸ್ ಮಾಡಿಸುವಾಗಲೆಲ್ಲ ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡಿಸಿ. ಬಿರುಕು ಬಿಟ್ಟಿದ್ದರೆ, ಅಂಟಂಟಾಗಿದ್ದರೆ ಅವತ್ತೇ ಬದಲಿಸಿ.

ನಮ್ಮ ಮನೆಯ ಅಟ್ಟದ ಮೇಲೆ ಹಳೇ ತಗಡಿನ ಟ್ರಂಕ್ ಇದೆ. ಅದರಲ್ಲಿ ಅಬಾರ್ತ್‌ನ ಒಂದು ಟೈಮಿಂಗ್ ಬೆಲ್ಟ್ ಕಿಟ್, ಎರಡು ಎಣ್ಣೆ ಫಿಲ್ಟರ್, ಒಂದು ಜೊತೆ ಬ್ರೇಕ್ ಪ್ಯಾಡ್, ಒಂದು ಇಗ್ನಿಶನ್ ಕಾಯಿಲ್ ಬಟ್ಟೆಯಲ್ಲಿ ಸುತ್ತಿಟ್ಟಿವೆ. ಸಿಕ್ಕಾಗ ಕೊಂಡಿಟ್ಟಿದ್ದು. ಪೋಲೋಗೆ ಅಂತ ಅದರಲ್ಲಿ ಏನೂ ಇಲ್ಲ.